ಮೆಣಸಿನಕಾಯಿ ಕಣದ ಫೋಟೋ ಮತ್ತು ಸಿರುಗುಪ್ಪದ ದಾರಿ

ಇದನ್ನು ಬರೆಯುವುದನ್ನು ನಾನು ಬಹಳ ದಿನದಿಂದ ಮುಂದೂಡುತ್ತ ಬಂದಿದ್ದೇನೆ. ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗ ವರ್ಷಕ್ಕೊಮ್ಮೆ ಒಂದು ಸಂಚಿಕೆ ತರುತ್ತದೆ. ಅದರಲ್ಲಿ ಪ್ರವಾಸದ ಬರಹಕ್ಕೆಂದೇ ಕೆಲವು ಪುಟಗಳಿರುತ್ತವೆ. ನಮ್ಮ ಡಾಕ್ಟರರು ವಿಯೆಟ್ನಾಂ ಬಗ್ಗೆ ಬರೆದರು. ಬಟ್ಟೆ ಅಂಗಡಿಯವರು ನೇಪಾಳದ ಬಗ್ಗೆ ಬರೆದರು. ನನ್ನನ್ನು ಕೇಳಿದಾಗಲೆಲ್ಲ, "ನಾನೆಲ್ಲಿ ಹೋಗೀನಿ, ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ" ಎಂದು ತಪ್ಪಿಸಿಕೊಂಡೆ.

ಹೋಗಿದ್ದೆ. ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ. ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಿದ್ದೆ. ಡಾಕ್ಟರರು ವಿಯೆಟ್ನಾಮಿನಲ್ಲಿ ಮಾತು ಬಾರದೆ ಕೈಸನ್ನೆ ಮಾಡಿ ಊಟ ತರಿಸಿಕೊಂಡರಂತೆ. ನಾನು ನಮ್ಮ ಜಿಲ್ಲೆಯಲ್ಲೇ, ನಮ್ಮ ಭಾಷೆಯಲ್ಲೇ, ಬಾಯಿ ಬಾರದೆ ನಿಂತು ಬಂದೆ. ಆ ಪ್ರಯಾಣದ ಕಥೆ ಇದು.

ಬಳ್ಳಾರಿ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಅಪ್ಪನ ಅಂಗಡಿಯಲ್ಲಿ ಕೂತೆ. ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುವ ಅಂಗಡಿ. ಬಳ್ಳಾರಿಯಲ್ಲಿ ಅರ್ಧ ಊರು ಜೀನ್ಸ್ ಹೊಲಿಯುತ್ತದೆ, ಹೀಗಾಗಿ ಅನ್ನಕ್ಕೆ ತೊಂದರೆಯಾಗಲಿಲ್ಲ. ನಡುವಯಸ್ಸಿನಲ್ಲಿ ಕ್ಯಾಮೆರಾ ಹುಚ್ಚು ಹಿಡಿಯಿತು. ಪಾರ್ವತಿನಗರದ ಮನೆಯಿಂದ ನಸುಕಿನಲ್ಲೇ ಹೊರಟು, ಕೋಟೆ ಗುಡ್ಡದ ಕಲ್ಲು ಬಿಸಿಲಿಗೆ ಬಣ್ಣ ಬದಲಿಸುವುದನ್ನು ತೆಗೆಯುವುದು. ಹಗ್ಗದ ಮೇಲೆ ತೂಗುವ ಒದ್ದೆ ಪ್ಯಾಂಟುಗಳಿಂದ ನೀಲಿ ನೀರು ತೊಟ್ಟಿಕ್ಕುವುದನ್ನು ತೆಗೆಯುವುದು. ಹೂವಿನ ಮಾರ್ಕೆಟ್ಟಿನಲ್ಲಿ ಬೈಸಿಕೊಳ್ಳುವುದು. ಅಂಗಡಿ ತೆರೆಯುವ ಹೊತ್ತಿಗೆ ಬಂದು ಬೀಗ ತೆಗೆಯುವುದು. ಇದು ನನ್ನ ದಿನಚರಿಯಾಗಿತ್ತು. ಗಿರಾಕಿಗಳು ನನ್ನನ್ನು ಕ್ಯಾಮೆರಾ ಚನ್ನಪ್ಪ ಅಂತಲೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಖುಷಿಯಾಗುತ್ತಿತ್ತು.

ಭಾನುವಾರ ಬಳಗದವರೆಲ್ಲ ಸೇರಿ ಹಳ್ಳಿಗಳಿಗೆ ಹೋಗುತ್ತಿದ್ದೆವು. ನಮ್ಮ ಜೊತೆ ಒಂದು ಚೀಲ ಇರುತ್ತಿತ್ತು. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸ್ಪರ್ಧೆಗಳಲ್ಲಿ ಗೆಲ್ಲುವ ಹಳ್ಳಿಯ ಫೋಟೋಗಳಲ್ಲಿ ಹಳ್ಳಿಯವರು ಒಂದು ಥರ ಕಾಣಬೇಕು. ನಿಜವಾದ ಹಳ್ಳಿಯವರು ಟೀ ಶರ್ಟು ಹಾಕಿಕೊಂಡು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಎದುರಾಗುತ್ತಾರೆ. ಅದಕ್ಕೇ ಆ ಚೀಲ. ಅದರಲ್ಲಿ ಕೆಂಪು ರುಮಾಲು, ಹಿತ್ತಾಳೆ ಕೊಡ, ಕಂದೀಲು, ಒಂದು ಕಟ್ಟು ಬೀಡಿ, ಕುಂಕುಮದ ಭರಣಿ, ಹಸಿರು ಗಾಜಿನ ಬಳೆಗಳ ಪೊಟ್ಟಣ. ಮುದುಕನ ತಲೆಗೆ ರುಮಾಲು ಸುತ್ತಿಸಿ, ಬೀಡಿ ಸೇದದವನ ಬಾಯಿಗೂ ಬೀಡಿ ಇಟ್ಟು, ಹೊಗೆ ಬಿಡಿಸಿ ಫೋಟೋ ತೆಗೆಯುತ್ತಿದ್ದೆವು. ಇದರಲ್ಲಿ ತಪ್ಪಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಆ ಚೀಲ ಇರುತ್ತಿದ್ದುದು ನನ್ನ ಗೆಳೆಯ ಖಾಜಾನ ಕಾರಿನಲ್ಲಿ. ಖಾಜಾ ನನ್ನ ಶಾಲೆಯ ಜೊತೆಗಾರ, ಬಸ್ ಡ್ರೈವರ್ ಆಗಿ ನಿವೃತ್ತನಾದವನು.

ಸಿರುಗುಪ್ಪಕ್ಕೆ ಹೋದ ದಿನ ಅವನೇ ಅಂಗಡಿಯ ಮುಂದೆ ಹಾರ್ನ್ ಬಾರಿಸಿದ.

"ಹತ್ತಲೇ ಚನ್ನಪ್ಪ. ಇವತ್ತು ಬಿಡಂಗಿಲ್ಲ."

"ಅಂಗಡ್ಯಾಗ ಗಿರಾಕಿ ಅದಾರೋ."

"ಗಿರಾಕಿ ನಾಳೆನೂ ಬರ್ತಾರ. ಆಕಿ ಮುದುಕಿ ಆಗ್ಯಾಳ, ನಾವೂ ಮುದುಕರಾಗೀವಿ. ಮೂರ್ರಾಗ ಒಬ್ರು ಹೋದ್ರ ಯಾರ ಮುಂದ ಹೇಳ್ತಿ ತಪ್ಪಾತು ಅಂತ? ಕಲ್ಲಿನ ಮುಂದ?"

ಅವನ ಬಾಯಿ ಹಾಗೆ. ಡ್ರೈವರಾಗಿದ್ದಾಗ ಎಮ್ಮೆಗೂ ಬಹುವಚನ ಹಚ್ಚಿ ಬೈದು ದಾರಿ ಬಿಡಿಸುತ್ತಿದ್ದ. ನಾನು ಷಟರ್ ಎಳೆದು ಕಾರು ಹತ್ತಿದೆ. ಅಭ್ಯಾಸಬಲದಿಂದ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಿದ್ದೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರೆ ಈ ಕಥೆ ಬೇರೆ ಆಗುತ್ತಿತ್ತು.

ಕುರುಗೋಡು

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಚಹಾ ಕುಡಿದೆವು. ಅಲ್ಲಿನವರು ಚಹಾವನ್ನು ಸಣ್ಣ ಲೋಟದಲ್ಲಿ ಅರ್ಧವೇ ಕೊಡುತ್ತಾರೆ, ಆಮೇಲೆ ಕೇಳದೆಯೇ ಇನ್ನರ್ಧ ಹಾಕುತ್ತಾರೆ. ಬಳ್ಳಾರಿಯಲ್ಲಾದರೆ ಎರಡನೆಯ ಸಲ ಕೇಳಿದರೆ ಮುಖ ನೋಡುತ್ತಾರೆ. ಎದುರಿಗೆ ಬೋಳು ಬಂಡೆಗಳ ಗುಡ್ಡ. ಬೆಳಕು ಚೆನ್ನಾಗಿತ್ತು. ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಖಾಜಾ ನೋಡಿದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಊರಾಚೆಯ ಮೆಣಸಿನಕಾಯಿ ಕಣಕ್ಕೆ ಹೋದೆವು. ಕಾಯಿ ಬರಲು ಇನ್ನೂ ಸಮಯವಿತ್ತು, ಕಣ ಖಾಲಿಯಿತ್ತು. ಆದರೂ ಕಾರಿನಿಂದ ಇಳಿಯುತ್ತಲೇ ಇಬ್ಬರಿಗೂ ಸೀನು ಬಂತು. ಆ ನೆಲ ಘಾಟು ಕುಡಿದಿರುತ್ತದೆ.

ವರ್ಷಗಳ ಹಿಂದೆ, ಬಳಗದ ಜೊತೆ ಇಲ್ಲಿಗೆ ಬಂದ ಆ ಭಾನುವಾರ, ಕಣವೆಲ್ಲ ಕೆಂಪಗಿತ್ತು. ಹೆಂಗಸರು ಸಾಲಾಗಿ ಕೂತು ತೊಟ್ಟು ಮುರಿಯುತ್ತಿದ್ದರು. ಕೊನೆಯಲ್ಲಿ ಕೂತವಳ ಮುಖ ನನಗೆ ಹಿಡಿಸಿತು. ಅಗಲ ಹಣೆ, ಬಿಸಿಲಿಗೆ ಕಂಚಿನ ಹಾಗೆ ಹೊಳೆಯುವ ಕೆನ್ನೆ. ಬೋಳು ಹಣೆ, ಬರಿಗೈ. ಕೆಂಪು ರಾಶಿಯ ನಡುವೆ ಆ ಮುಖ ಸಪ್ಪಗೆ ಕಾಣುತ್ತದೆ ಎನಿಸಿತು. ಚೀಲ ತರಿಸಿದೆ.

"ಇದಿಷ್ಟು ಹಚ್ಕೊಳ್ಳವ್ವ. ಫೋಟೋಕ್ಕಷ್ಟ" ಎಂದು ಭರಣಿ ಮುಂದೆ ಹಿಡಿದೆ.

ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ ಯಪ್ಪಾ. ನಾ ಹಚ್ಕೊಳ್ಳಂಗಿಲ್ಲರಿ ಅದನ್ನ."

"ಒಂದು ಗಳಿಗಿ. ಆಮ್ಯಾಲ ಒರಿಸ್ಕೊ."

ಕಣದ ಮೇಸ್ತ್ರಿ ಅಲ್ಲೇ ನಿಂತಿದ್ದ. "ದೊಡ್ಡೋರು ಹೇಳಾಕ ಹತ್ಯಾರ, ಹಚ್ಕೋ ಅತ್ಲಾಗ. ಕೆಲಸ ನಿಂತೈತಿ" ಎಂದು ಗದರಿದ.

ಇಷ್ಟು ವರ್ಷ ನಾನು ಎಲ್ಲರಿಗೂ ಹೇಳುತ್ತ ಬಂದದ್ದು, ಆಕೆ ಗಂಡ ಸತ್ತವಳೆಂದು ನನಗೆ ಗೊತ್ತಿರಲಿಲ್ಲ ಅಂತ. ಬಿಸಿಲಲ್ಲಿ ದುಡಿಯುವವರು, ಬೆವರಿಗೆ ಅಳಿಸಿರಬೇಕು ಅಂದುಕೊಂಡೆ ಅಂತ. ಅದು ಸುಳ್ಳು. ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿದ್ದೆ. ಕೊರಳಲ್ಲಿ ತಾಳಿ ಇರಲಿಲ್ಲ, ಕಾಲ್ಬೆರಳಲ್ಲಿ ಉಂಗುರ ಇರಲಿಲ್ಲ. ಅದು ನನಗೆ ಕಾಣದಿದ್ದರೆ ನಾನೆಂಥ ಫೋಟೋ ತೆಗೆಯುವವನು? ನನಗೆ ಗೊತ್ತಿತ್ತು. ಗೊತ್ತಿದ್ದೇ ಹಚ್ಚಿಸಿದೆ.

ಬಳೆ ಇಟ್ಟುಕೊಂಡು ಮೊರ ಎತ್ತಿ ಆಕೆ ಕೇರಿದಾಗ ಬಳೆಗಳು ಸದ್ದು ಮಾಡಿದವು. ಆಕೆ ನಕ್ಕುಬಿಟ್ಟಳು. ಹಲ್ಲು, ಗಾಳಿಯಲ್ಲಿ ತೂರಿದ ಕಾಯಿ, ಹಣೆಯ ಕುಂಕುಮ. ಅದೇ ಕ್ಷಣ ನನಗೆ ಸಿಕ್ಕಿತು. ಆಮೇಲೆ ಆಕೆ ಗಡಿಬಿಡಿಯಲ್ಲಿ ಕಾಯಿ ಮುಟ್ಟಿದ ಕೈಯಿಂದಲೇ ಹಣೆ ತಿಕ್ಕಿಕೊಂಡಳು. ಖಾರ ಕಣ್ಣಿಗೆ ಇಳಿಯಿತು. ಉಳಿದ ಹೆಂಗಸರು ನೀರು ಹಾಕುತ್ತಿದ್ದಾಗ ನಾನು ಬೆನ್ನು ತಿರುಗಿಸಿ ನಿಂತು ಚಿತ್ರ ಸ್ಪಷ್ಟವಾಗಿ ಬಂದಿದೆಯೇ ಎಂದು ನೋಡುತ್ತಿದ್ದೆ.

ಆ ಫೋಟೋಕ್ಕೆ 'ಮುತ್ತೈದೆ' ಎಂದು ಹೆಸರಿಟ್ಟೆ. ದೂರದ ಊರಿನ ಸ್ಪರ್ಧೆಯಲ್ಲಿ ಬಹುಮಾನ ಬಂತು. ಮರುವರ್ಷ ಗೊಬ್ಬರದ ವ್ಯಾಪಾರಿಯೊಬ್ಬರು ಕೇಳಿದರು, ಕ್ಯಾಲೆಂಡರಿಗೆ ಕೊಟ್ಟೆ. ಅದು ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲೆಲ್ಲ ಗೋಡೆಗೆ ಬಂತು. ಆಕೆಯ ಗಂಡನ ಮನೆ ಅದೇ ಕಡೆಯದು ಎಂಬುದು ಮಾತ್ರ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಆ ಮೇಸ್ತ್ರಿ ಚೀಲ ಹೊಲಿಯುವ ದಾರ ಕೊಳ್ಳಲು ಅಂಗಡಿಗೆ ಬಂದಾಗ ಹೇಳಿದ: ಮೈದುನಂದಿರು ಕ್ಯಾಲೆಂಡರ್ ನೋಡಿ, ಬೇರೆ ಗಂಡನ ಮಾಡಿಕೊಂಡಾಳ ಎಂದು ಆಕೆಯನ್ನು ಮನೆಯಿಂದ ಹೊರಹಾಕಿದರು. ನಾನು ಆವತ್ತು ದಾರ ಅಳೆಯುವುದನ್ನು ನಿಲ್ಲಿಸಲಿಲ್ಲ.

ಈಗ ಅದೇ ಮೇಸ್ತ್ರಿ ಕಣದ ಗುಡಿಸಲಿನಿಂದ ಹೊರಬಂದು ನಮ್ಮನ್ನು ನೋಡಿದ. ವಿಳಾಸ ಕೇಳಿದೆವು.

"ಸಿರುಗುಪ್ಪದಾಗ ರೈಸ್ ಮಿಲ್ಲಿನ ಹಿಂದಿನ ಓಣಿ. ಈಗ್ಯಾಕ್ರಿ ಸಾವ್ಕಾರ್ರ? ಆ ಕ್ಯಾಲೆಂಡರ್ ಹರದು ಎಷ್ಟು ವರ್ಷಾತು!" ಎಂದ. ಬಾಯಲ್ಲಿ ನಗೆಯಿತ್ತು, ಕಣ್ಣಲ್ಲಿರಲಿಲ್ಲ.

ತೆಕ್ಕಲಕೋಟೆಯ ದಾರಿ

ಅಲ್ಲಿಂದ ಮುಂದೆ ನೀರಾವರಿ ಸೀಮೆ. ಬಳ್ಳಾರಿಯ ಕೆಂಪು ಧೂಳಿನಲ್ಲಿ ಬೆಳೆದ ನನಗೆ ಆ ಹಸಿರು ಈಗಲೂ ಪರದೇಶದ ಹಾಗೆ ಕಾಣುತ್ತದೆ. ಕೊಯ್ಲು ಮುಗಿಯುತ್ತಿತ್ತು. ಅರ್ಧ ರಸ್ತೆಯ ಮೇಲೆ ಭತ್ತ ಹರವಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಉಳಿದರ್ಧದಲ್ಲಿ ಲೋಕದ ವಾಹನಗಳೆಲ್ಲ ಹೋಗಬೇಕು. ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

ಎದುರಿಗೆ ಲಾರಿ ಬಂತು. ಖಾಜಾ ಪಕ್ಕಕ್ಕೆ ಎಳೆದ. ಒಂದು ಗಾಲಿ ಕಲ್ಲು ಹಾರಿ ಭತ್ತದ ಮೇಲೆ ಹತ್ತಿತು. ಎಲ್ಲಿದ್ದಳೋ, ಒಬ್ಬ ಹೆಂಗಸು ಭತ್ತ ಎಳೆಯುವ ಹಲ್ಲಿನ ಹಲುಬೆ ಹಿಡಿದು ಓಡಿಬಂದಳು.

"ಕಣ್ಣು ಎಲ್ಲಿ ಇಟ್ಟೀಯೋ ಮುದುಕಾ? ಉಣ್ಣೋ ಅನ್ನದ ಮ್ಯಾಲ ಗಾಡಿ ಹತ್ತಿಸ್ತೀ! ನಿಮ್ಮ ಮನ್ಯಾಗ ಹಿಂಗ ತುಳಕೊಂತ ತಿಂತೀರೇನು?"

ಖಾಜಾ ಬಾಯಿ ಮಾಡುತ್ತಾನೆ ಅಂದುಕೊಂಡೆ. ಅವನು ಇಳಿದು, ಚಪ್ಪಲಿ ಬಿಟ್ಟು, "ತಪ್ಪಾತು ನಮ್ಮವ್ವ, ನಾನ ಮಾಡಿದ್ದು" ಎಂದು ಆಕೆಯ ಕೈಯಿಂದ ಹಲುಬೆ ತೆಗೆದುಕೊಂಡು ಭತ್ತ ಒಟ್ಟುಮಾಡತೊಡಗಿದ. ಆಕೆ ಇನ್ನೂ ಸ್ವಲ್ಪ ಬೈದಳು. ಆಮೇಲೆ, "ಇರ್ಲಿ ಬಿಡು ಮಾವ, ಸೊಂಟ ಹಿಡಕಂಡೀತು" ಎಂದು ಹಲುಬೆ ಕಸಿದುಕೊಂಡಳು. ಕುಡಿಯಲು ನೀರು ಕೊಟ್ಟಳು. ನಾನು ಕಾರಿನಲ್ಲೇ ಕೂತಿದ್ದೆ.

"ನೋಡ್ದೇನು? ಇಷ್ಟ ಐತಿ ಕೆಲಸ" ಎಂದ ಖಾಜಾ, ಕಾಲಿನ ಧೂಳು ಕೊಡವುತ್ತ. "ನಾನೂ ಒಂದು ಮಾತು ಹೇಳೋದೈತಿ ಆಕಿಗೆ. ಬಳಿ ಪೊಟ್ಟಣ ಬಿಚ್ಚಿ ಕೊಟ್ಟಾಂವ ನಾನಲ್ಲೇನು."

ಸಿರುಗುಪ್ಪ

ಸಿರುಗುಪ್ಪಕ್ಕೆ ಬೇಯಿಸಿದ ಭತ್ತದ ವಾಸನೆ ಇದೆ. ಊರಿನವರಿಗೆ ಅದು ಗೊತ್ತಾಗುವುದಿಲ್ಲವಂತೆ. ದಾರಿ ಕೇಳಿದರೆ ಅಲ್ಲಿನವರು ಕೈ ತೋರಿಸಿ ಸುಮ್ಮನಾಗುವುದಿಲ್ಲ, ಎದ್ದು ಬರುತ್ತಾರೆ, ಯಾರ ಮನೆಗೆ, ಏನು ಸಂಬಂಧ ಎಂದು ವಿಚಾರಿಸುತ್ತಾರೆ. ಸಂಬಂಧ ಕೇಳಿದವನಿಗೆ ನಾನು "ಗುರ್ತಿನವರು" ಎಂದೆ.

ಓಣಿಯೊಳಗೆ ಕಾರು ಹೋಗುವಂತಿರಲಿಲ್ಲ. ಹಿಂದೆ ಹೊಟ್ಟಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. "ನೀ ನಡಿ ಮುಂದ, ಗಾಡಿ ಎಲ್ಲಾರ ಹಚ್ಚಿ ಬಂದೆ" ಎಂದ ಖಾಜಾ.

ತಗಡಿನ ಬಾಗಿಲಿನ ಒಂದೇ ಕೋಣೆ. ಹೊಸ್ತಿಲ ಬಳಿ ಆಕೆ ನುಚ್ಚು ಹಸನು ಮಾಡುತ್ತಿದ್ದಳು. ಕೂದಲು ಹಣ್ಣಾಗಿತ್ತು. ಹಣೆ ಅದೇ ಹಣೆ. ನನ್ನನ್ನು ನೋಡಿದಳು, ಹೆಗಲ ಮೇಲಿನ ಕ್ಯಾಮೆರಾ ನೋಡಿದಳು. ಮುಖ ಅರಳಿತು. ಮೊರ ಬದಿಗಿಟ್ಟು ಎದ್ದಳು.

"ಬಂದ್ರೇನ್ರಿ ಸಾರ್! ಮನಿಗೇ ಬಂದು ಫೋಟೋ ತಗಂತಾರ ಅಂದಿದ್ರು ಆಫೀಸಿನ್ಯಾಗ. ಯಾರೂ ಬರಂಗಿಲ್ಲ ಬಿಡು ಅಂತ ಕುಂತಿದ್ದೆ. ಕುಂದರ್ರಿ, ಕುಂದರ್ರಿ. ಮಕ ತೊಳಕಂಡು ಬಂದೆ."

ನಾನು "ಅಮ್ಮಾ" ಎಂದೆ. ಅಷ್ಟರಲ್ಲಿ ಆಕೆ ಒಳಗೆ ಹೋಗಿದ್ದಳು. ನಾನೂ ಒಳಗೆ ಹೋಗಿ ಕೂತೆ. ಮೂಲೆಯ ಮರೆಯಿಂದ ನೀರಿನ ಸದ್ದು ಕೇಳಿತು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತು ಬಾಯಲ್ಲಿತ್ತು. ಆಕೆ ಮರಳಿ ಬಂದು ಗೋಡೆಗೆ ಒರಗಿ ಕೂತಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಎರಡೂ ಕೈ ಮುಂದೆ ಚಾಚಿ, ಮುಂಗೈ ಕಾಣುವಂತೆ ಹಿಡಿದಳು.

"ಹಣಿ ಕಾಣಂಗ ತಗೀರಿ ಸಾರ್. ಕೈನೂ ಬರ್ಲಿ. ಏನೂ ಇಲ್ಲ ಅಂಬೋದು ಕಾಣಬೇಕು ನೋಡ್ರಿ."

"ಯಾಕಮ್ಮ?" ಎಂದೆ. ಬಾಯಿಂದ ಬಂದದ್ದು ಅಷ್ಟೇ.

"ಅಯ್ಯ, ನಿಮಗ ಹೇಳಿಲ್ಲೇನು? ಯಾವನೋ ಬಳ್ಳಾರಿಯಾಂವ ಒಮ್ಮಿ ಕುಂಕುಮ ಬಳಿ ಇಡಿಸಿ ಫೋಟೋ ತಗದ. ಅದು ಕ್ಯಾಲೆಂಡರ್ ಆತು. ಕೆಳಗ ಮುತ್ತೈದಿ ಅಂತ ಬರದಿದ್ರು. ಮೈದುನ ಅದನ್ನ ಒಯ್ದು ಆಫೀಸಿನ್ಯಾಗ ತೋರ್ಸಿದ, ಇಕಿಗೆ ಗಂಡ ಅದಾನ, ವಿಧವಾ ಪಿಂಚಣಿ ಯಾಕ ಅಂತ. ನಿಂತುಬಿಡ್ತು. ಅವತ್ತಿಂದ ಅಡ್ಡಾಡಾಕ ಹತ್ತೀನಿ."

ಮನೆಯಿಂದ ಹೊರಹಾಕಿದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಅವನು ಯಾರಂತ ಗುರ್ತು ಸಿಗತೈತೇನಮ್ಮ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಸಿಗುತ್ತದೆ ಅನ್ನಲಿ ಎಂದು ಕೇಳಿರಬೇಕು.

"ಎಲ್ಲೀದ್ರಿ! ಅವನ ಮಕ ನಾ ಎಲ್ಲಿ ನೋಡಿದ್ನಿ? ನಾ ತಲಿ ಎತ್ತಿದಾಗೆಲ್ಲ ಮಕದ ಮುಂದ ಇಂಥದ್ದ ಒಂದು ಡಬ್ಬಿ ಇತ್ತು." ಆಕೆ ನನ್ನ ಕ್ಯಾಮೆರಾ ತೋರಿಸಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅವನ್ನ ನಾ ಬೈಯಂಗಿಲ್ಲರಿ. ಹಚ್ಕೋ ಅಂದ, ಹಚ್ಕಂಡ್ನಿ. ಆದ್ರ ನಾ ನಗಬಾರದಿತ್ತು. ಎಷ್ಟೋ ವರ್ಷಕ್ಕ ಬಳಿ ಸಪ್ಪಳ ಕೇಳಿ ನಗಿ ಬಂದುಬಿಡ್ತು. ನಗಲಾರ್ದ ಇದ್ದಿದ್ರ ಜನ ನಂಬ್ತಿದ್ರು. ತಪ್ಪು ನಂದ ಐತಿ."

ಆಗ ಹೇಳಬೇಕಿತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಗಲಾರದು. ನಾನು ಮಾಡಿದ್ದು ಇಷ್ಟು: ಕ್ಯಾಮೆರಾ ಎತ್ತಿ ಮುಖದ ಮುಂದೆ ಹಿಡಿದೆ. ಅದರ ಹಿಂದೆ ಕಣ್ಣು ಮುಚ್ಚಿಕೊಂಡೆ. ಬೆರಳು ತಾನಾಗಿ ಒತ್ತಿತು.

"ಬಂತೇನ್ರಿ?"

"ಬಂತಮ್ಮ."

"ಪಿಂಚಣಿನೂ ಬರತೈತೇನ್ರಿ ಸಾರ್, ಇದರ ಮ್ಯಾಲೆ?"

"ಬರತೈತಮ್ಮ" ಎಂದೆ.

ಆಕೆ ಕೈ ಮುಗಿದಳು. ಚಹಾ ಮಾಡುತ್ತೇನೆ ಎಂದಳು. ಕೆಲಸವಿದೆ ಎಂದು ಎದ್ದು ಬಂದೆ.

ಓಣಿಯ ತುದಿಯಲ್ಲಿ ಖಾಜಾ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ. "ಹೇಳಿದ್ಯಾ?" ಎಂದ.

"ಹೇಳಿದೆ."

"ಏನಂದ್ಲು?"

"ಬೈಯಂಗಿಲ್ಲ ಅಂದ್ಲು."

"ಯಾ ಅಲ್ಲಾ! ದೊಡ್ಡ ಮನಸ್ಸಿನಾಕಿ. ತಡಿ, ನಾನೂ ಒಂದು ಮಾತು ಹೇಳಿ ಬರ್ತೀನಿ."

ನಾನು ಅವನ ರಟ್ಟೆ ಹಿಡಿದೆ. "ಬ್ಯಾಡೋ. ಭಾಳ ಅತ್ತಾಳ. ಮತ್ತ ಮತ್ತ ನೆನಪು ಮಾಡಬ್ಯಾಡ." ಅವನು ಓಣಿಯ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ನನ್ನ ಜೊತೆ ಹಿಂದಿರುಗಿದ.

ಮತ್ತೆ ಬಳ್ಳಾರಿ

ದಾರಿಯಲ್ಲಿ ಖಾಜಾ ಮಂಡಕ್ಕಿ, ಮಿರ್ಚಿ ಕೊಡಿಸಿದ. ಹಳೆಯ ಸುದ್ದಿಗಳನ್ನೆಲ್ಲ ತೆಗೆದು ನಗಿಸಿದ. "ಹಗುರಾದಿ ನೋಡಲೇ, ಮಕ ಬ್ಯಾರೆ ಆಗೈತಿ" ಎಂದ. ನಾನು ಮಿರ್ಚಿ ತಿಂದೆ. ಎಲ್ಲವನ್ನೂ ತಿಂದೆ.

ಆಮೇಲೆ ತಿಳಿದವರೊಬ್ಬರನ್ನು ಕೇಳಿದೆ. ಆಫೀಸಿನವರಲ್ಲದೆ ಬೇರೆಯವರು ತೆಗೆದ ಫೋಟೋದಿಂದ ಏನೂ ಆಗುವುದಿಲ್ಲವಂತೆ. ಆಕೆಯ ಜೊತೆ ಯಾರಾದರೂ ಆಫೀಸಿಗೆ ಹೋಗಬೇಕು. ಆ ಕ್ಯಾಲೆಂಡರಿನ ಚಿತ್ರ ಹೇಗೆ ಬಂತು ಎಂದು ಅದನ್ನು ತೆಗೆದವನೇ ಬಂದು ಹೇಳಿದರೆ ಕೆಲಸ ಬೇಗ ಆದೀತು ಎಂದರು. ಯಾರ ಸಲುವಾಗಿ ಎಂದು ಕೇಳಿದರು. ಗುರ್ತಿನವರ ಸಲುವಾಗಿ ಎಂದೆ.

ಕಣ್ಣು ಮುಚ್ಚಿ ತೆಗೆದ ಆ ಫೋಟೋ ಚೆನ್ನಾಗಿ ಬಂದಿದೆ. ಬಾಗಿಲ ಬೆಳಕು ಒಂದೇ ಕಡೆಯಿಂದ ಬಿದ್ದು, ಗೋಡೆಯ ಬಣ್ಣ ಹೋದ ಗಾರೆಯೂ ಆಕೆಯ ಹಣೆಯೂ ಒಂದೇ ಬಣ್ಣಕ್ಕೆ ತಿರುಗಿವೆ. ಚಾಚಿದ ಕೈಗಳು ಮುಂದೆ ಬಂದಿವೆ. ಮೊದಲ ಸಲ ದೊಡ್ಡದು ಮಾಡಿ ನೋಡಿದಾಗ, ಇದನ್ನು ಯಾವ ಸ್ಪರ್ಧೆಗೆ ಕಳಿಸಬಹುದು ಎಂದು ನನ್ನ ಮನಸ್ಸಿಗೆ ಬಂತು. ಬರಬಾರದಿತ್ತು, ಬಂತು. ಇದನ್ನೂ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕ್ಯಾಮೆರಾವನ್ನು ಆವತ್ತಿನಿಂದ ಬೀರುವಿನಲ್ಲಿ ಇಟ್ಟಿದ್ದೇನೆ. ಅದು ದೊಡ್ಡ ತ್ಯಾಗವೇನಲ್ಲ. ಸಿರುಗುಪ್ಪಕ್ಕೆ ಬಸ್ಸು ಹತ್ತುವುದಕ್ಕಿಂತ ಕ್ಯಾಮೆರಾ ಬೀರುವಿನಲ್ಲಿ ಇಡುವುದು ಸುಲಭ.

ನಾನಿನ್ನೂ ಹೋಗಿಲ್ಲ. ಆಕೆ ಬಾಗಿಲ ಸದ್ದಾದಾಗಲೆಲ್ಲ ಪಿಂಚಣಿ ಬಂತೆಂದು ಎದ್ದು ನೋಡುತ್ತಿರಬೇಕು. ಖಾಜಾನಿಗೂ ನಿಜ ಗೊತ್ತಿಲ್ಲ. ಅವನಿಗೆ ಗೊತ್ತಾಗುವುದು ಈ ಸಂಚಿಕೆ ಓದಿದಾಗ. ಓದಿದ ಮೇಲೆ ಅವನು ಬಂದು ಹಾರ್ನ್ ಬಾರಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಬಾರಿಸಲಿಲ್ಲವೆಂದರೂ ಅದು ಸರಿಯೇ.

ಒಂದು ಸಂಗತಿ ಹೇಳದೆ ಬಿಟ್ಟಿದ್ದೆ. ನಾನು ಹೊಸ್ತಿಲು ದಾಟುವಾಗ ಆಕೆ ಹಿಂದಿನಿಂದ ಕರೆದಳು. "ಹೆಸರು ಬರಕೊಳ್ಳಲಿಲ್ಲಲ್ರಿ ಸಾರ್?" ಎಂದಳು. ಆವತ್ತಿನವರೆಗೂ ನಾನು ಆಕೆಯ ಹೆಸರು ಯಾರನ್ನೂ ಕೇಳಿರಲಿಲ್ಲ. ನನ್ನ ಹತ್ತಿರ ಪೆನ್ನು ಇರಲಿಲ್ಲ. "ಹೇಳ್ರಿ" ಎಂದೆ. ನನಗೆ ಬರೆದುಕೊಳ್ಳಲು ಅನುಕೂಲವಾಗಲಿ ಎಂದು ಆಕೆ ಬಿಡಿಸಿ ಬಿಡಿಸಿ, ಎರಡು ಸಲ ಹೇಳಿದಳು. ನಾನು ಅಂಗೈ ಮೇಲೆ ಬೆರಳಾಡಿಸಿ ಬರೆದ ಹಾಗೆ ಮಾಡಿದೆ. ಈಗ ಬರೆಯುತ್ತಿದ್ದೇನೆ.

ದೊಡ್ಡಬಸಮ್ಮ, ಗಂಡ ಈರಣ್ಣ, ತೀರಿಕೊಂಡಿದ್ದಾನೆ.